ಬಡವನಹಳ್ಳಿಗೆ ಬಂದ ಶ್ರೀಮಂತ ಸೈಕಲ್ಲು

ಒಂದು ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮೂರ ಪಂಕ್ಚರ್ ಅಂಗಡಿಯ ಮುಂದೆ ಬೆಂಗಳೂರಿನ ಸೈಕಲ್ ಸವಾರರೊಬ್ಬರು ಬಂದು ನಿಂತರು. ಮೈಗೆ ಅಂಟಿದ ಬಟ್ಟೆ, ತಲೆಯ ಮೇಲೆ ಅರ್ಧ ಕಲ್ಲಂಗಡಿ ಕವುಚಿದಂಥ ಹೆಲ್ಮೆಟ್ಟು, ಕಣ್ಣಿಗೆ ವೆಲ್ಡಿಂಗ್ ಅಂಗಡಿಯವರು ಹಾಕುವಂಥ ಕನ್ನಡಕ. ಮುಂದಿನ ಚಕ್ರ ಗಾಳಿ ಬಿಟ್ಟಿತ್ತು.

ಅಂಗಡಿಯವರು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಸ್ಟ್ಯಾಂಡಿಲ್ಲ. ಕ್ಯಾರಿಯರಿಲ್ಲ. ಮಡ್‌ಗಾರ್ಡಿಲ್ಲ. ಚೈನ್ ಕವರಿಲ್ಲ. ಬೆಲ್ಲೂ ಇಲ್ಲ. ಅವರ ಮುಖದಲ್ಲಿ ನಿಜವಾದ ಮರುಕ ಮೂಡಿತು.

"ಯಾವೂರಾಗೆ ಬಿಚ್ಕೊಂಡ್ರು ಸಾಮಿ? ಸ್ಟೇಷನ್‌ನಾಗೆ ಒಂದು ಕಂಪ್ಲೇಂಟಾದ್ರೂ ಬರ್ಸಿ."

ಯಾರೂ ಬಿಚ್ಚಿಕೊಂಡಿಲ್ಲ, ಅದು ಬರುವುದೇ ಹೀಗೆ, ತೂಕ ಕಡಿಮೆಯಾಗಲೆಂದು ಹೀಗೆ ಮಾಡಿರುತ್ತಾರೆ ಎಂದು ಸವಾರರು ವಿವರಿಸಿದರು. ಬೆಲೆ ಕೇಳಿದ್ದಕ್ಕೆ ಎರಡೂವರೆ ಲಕ್ಷ ಎಂದು ಸಂಕೋಚದಿಂದಲೇ ಹೇಳಿದರು. ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. "ನಾಕು ಎಕ್ಸೆಲ್ ಗಾಡಿ ಬತ್ತಿದ್ವಲ್ಲಪ್ಪಾ," ಎಂದರು ಹಿರಿಯರೊಬ್ಬರು, "ಇಲ್ಲಾಂದ್ರೆ ಒಂದೊಳ್ಳೆ ಜೊತೆ ಎತ್ತು."

ಚುಚ್ಚಿಕೊಂಡಿದ್ದ ಜಾಲಿಮುಳ್ಳು ಬರಿಗಣ್ಣಿಗೇ ಕಾಣುತ್ತಿತ್ತು. ಜಾಲಿಮುಳ್ಳು ಒಂದೇ ನಮ್ಮ ಸೀಮೆಯಲ್ಲಿ ಬಡವ ಬಲ್ಲಿದ ಎಂದು ಭೇದ ಮಾಡದೆ ಉಳಿದಿರುವುದು. ಉಜ್ಜಿ, ಸೊಲ್ಯೂಷನ್ ಹಚ್ಚಿ, ತೇಪೆ ಹಾಕಿದ್ದಾಯಿತು. ತೊಡಕು ಬಂದದ್ದು ಗಾಳಿ ತುಂಬುವಾಗ. ಆ ಸೈಕಲ್ಲಿನ ವಾಲ್ವಿನ ಮೂತಿ ಸೂಜಿಯಷ್ಟು ಸಪೂರ. ನಮ್ಮ ಅಂಗಡಿಯ ಕಂಪ್ರೆಸರ್ ಪೈಪು ಟ್ರ್ಯಾಕ್ಟರಿಗೆ ಹೊಂದುತ್ತದೆ, ಲಾರಿಗೆ ಹೊಂದುತ್ತದೆ, ಆಟೋಗೆ ಹೊಂದುತ್ತದೆ. ಇದಕ್ಕೆ ಹೊಂದಲಿಲ್ಲ. "ಇದು ಫ್ರೆಂಚ್ ವಾಲ್ವು, ಇದಕ್ಕೊಂದು ಅಡಾಪ್ಟರ್ ಬೇಕು," ಎಂದರು ಸವಾರರು. ಅವರು ತಂದಿದ್ದ ಪುಟ್ಟ ಪಂಪು ಅಂದೇ ಕೈಕೊಟ್ಟಿತ್ತು. ಫೋನು ಹೋಯಿತು. ಎರಡು ಗಂಟೆಯ ಮೇಲೆ ಬೆಂಗಳೂರಿನಿಂದ ಒಂದು ಕಾರು ಬಂತು. ಸೈಕಲ್ಲನ್ನು ಕಾರಿನ ನೆತ್ತಿಯ ಮೇಲೇರಿಸಿ ಬೆಲ್ಟು ಬಿಗಿದರು. ಉತ್ಸವಮೂರ್ತಿಯ ಹಾಗೆ ಅದು ಮಧುಗಿರಿ ಕಡೆಗೆ ಹೊರಟಿತು.

ಅದೇ ಹೊತ್ತಿಗೆ ಎದುರುಗಡೆಯಿಂದ ಸೀಮೆಹುಲ್ಲಿನ ಹೊರೆ ಕಟ್ಟಿದ್ದ ಹಳೇ ಸೈಕಲ್ಲೊಂದು ಬರುತ್ತಿತ್ತು. ಕಾರಿನವರು ಹಾರನ್ ಹೊಡೆದರು. ಸೈಕಲ್ಲಿನವರು ಟಾರು ಬಿಟ್ಟು ಮಣ್ಣಿಗಿಳಿದು, ಹೊರೆ ವಾಲದಂತೆ ಒಂದು ಕಾಲೂರಿ ನಿಂತರು. ಒಂದು ಸೈಕಲ್ಲಿಗೆ ದಾರಿ ಬಿಡಲು ಇನ್ನೊಂದು ಸೈಕಲ್ಲು ರಸ್ತೆಯಿಂದಿಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಡವನಹಳ್ಳಿ ಎಲ್ಲಿದೆ ಎಂದು ಕೇಳುವವರಿಗೆ ಹೇಳುತ್ತೇನೆ. ಮಧುಗಿರಿ ತಾಲ್ಲೂಕು, ದೊಡ್ಡೇರಿ ಹೋಬಳಿ, ಮಧುಗಿರಿಯಿಂದ ಸಿರಾಕ್ಕೆ ಹೋಗುವ ದಾರಿ. ಊರಿನ ಹೆಸರಿನಲ್ಲೇ ಬಡವ ಇದ್ದಾನೆ. ಅದು ನಾವು ಇಟ್ಟುಕೊಂಡದ್ದಲ್ಲ, ಇಟ್ಟವರು ಈಗಿಲ್ಲ. ಆದರೆ ಆ ಹೆಸರಿನ ಕಾರಣಕ್ಕೋ ಏನೋ, ಸಾಲ ಮಾಡಿಯಾದರೂ ನಮ್ಮಲ್ಲಿ ಎಲ್ಲರೂ ಮೋಟಾರು ಗಾಡಿ ಇಟ್ಟಿದ್ದೇವೆ. ಬಸ್ಸಿನ ಬೋರ್ಡಿನಲ್ಲೇ ಬಡವ ಎಂದು ಬರೆದಿರುವಾಗ ಸೈಕಲ್ ಹತ್ತಿ ಅದಕ್ಕೆ ಸಾಕ್ಷಿ ಬೇರೆ ಹೇಳಬೇಕೆ? ಬೆಂಗಳೂರಿನವರಿಗೆ ಆ ಕಷ್ಟವಿಲ್ಲ. ಅವರು ಬಡವರಲ್ಲ ಎಂಬುದು ಬಟ್ಟೆಯಿಂದಲೇ ಗೊತ್ತಾಗುವುದರಿಂದ ಧೈರ್ಯವಾಗಿ ಸೈಕಲ್ ಹೊಡೆಯಬಹುದು. ನಾನೂ ಸ್ಕೂಟರಿನವನೇ. ನಮ್ಮಪ್ಪನ ಸೈಕಲ್ಲು ದನದ ಕೊಟ್ಟಿಗೆಯ ಗೋಡೆಗೆ ನೇತುಬಿದ್ದಿದೆ. ಅದರ ಕಡ್ಡಿಗಳ ನಡುವೆ ಗುಬ್ಬಚ್ಚಿ ಸಂಸಾರ ಮಾಡಿಕೊಂಡಿರುವುದರಿಂದ ಪರಿಸರಕ್ಕೆ ನನ್ನದೂ ಒಂದು ಕೊಡುಗೆ ಇದೆ ಎಂದುಕೊಂಡಿದ್ದೇನೆ.

ಈ ಸೈಕಲ್ಲಿಗೂ ಒಂದು ಕಾಲವಿತ್ತು. ವರನಿಗೆ ವಾಚು, ರೇಡಿಯೋ, ಸೈಕಲ್ಲು ಎಂದು ಮದುವೆ ಮಾತುಕತೆಯಲ್ಲಿ ಪಟ್ಟಿ ಬರೆಯುತ್ತಿದ್ದ ಕಾಲ. ಸೈಕಲ್ ಕೊಡಲಿಲ್ಲವೆಂದು ಹಸೆಮಣೆಯಿಂದೆದ್ದ ಗಂಡುಗಳ ಕತೆ ಈಗಲೂ ನಮ್ಮ ಜಗಲಿಗಳಲ್ಲಿ ಓಡಾಡುತ್ತದೆ. ಆಗ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕುತ್ತಿದ್ದವು. ಕಟ್ಟಿದವರಿಗೊಂದು ಬಿಲ್ಲೆ. ಬಿಲ್ಲೆ ಇಲ್ಲದಿದ್ದರೆ ದಂಡ, ರಾತ್ರಿ ದೀಪವಿಲ್ಲದೆ ಹೋದರೆ ದಂಡ, ಡಬಲ್ ರೈಡಿಗೆ ದಂಡ. ದಂಡ ಹಾಕಿಸಿಕೊಳ್ಳುವಷ್ಟು ಮರ್ಯಾದೆ ಸೈಕಲ್ಲಿಗಿತ್ತು. ಸರ್ಕಾರ ಯಾರಿಂದ ಕಾಸು ಕೀಳುತ್ತದೋ ಅವರು ಮಾತ್ರ ಅದರ ಕಣ್ಣಿಗೆ ಬೀಳುತ್ತಾರೆ. ಈಗ ಪೊಲೀಸರು ರಸ್ತೆಗೆ ಅಡ್ಡ ನಿಂತು ಎಲ್ಲ ಗಾಡಿಗಳಿಗೂ ಕೈ ತೋರಿಸುವಾಗ ಸೈಕಲ್ಲಿನವನು ಅವರ ಮಗ್ಗುಲಲ್ಲೇ ಹಾದುಹೋಗುತ್ತಾನೆ. ನೋಡುವುದೂ ಇಲ್ಲ. ಇದನ್ನು ಸ್ವಾತಂತ್ರ್ಯ ಎನ್ನಬೇಕೋ ತಿರಸ್ಕಾರ ಎನ್ನಬೇಕೋ ನೀವೇ ಹೇಳಿ.

ನಡುವೆ ಒಮ್ಮೆ ಸರ್ಕಾರ ನೋಡಿತು. ಅದನ್ನು ಮರೆಯಬಾರದು.

2006-07ರಲ್ಲಿ, ಕುಮಾರಸ್ವಾಮಿ ಮುಖ್ಯಮಂತ್ರಿಯೂ ಯಡಿಯೂರಪ್ಪ ಉಪಮುಖ್ಯಮಂತ್ರಿಯೂ ಆಗಿದ್ದಾಗ, ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಮರುವರ್ಷ ಗಂಡುಮಕ್ಕಳಿಗೂ ಬಂತು. ಎಂಟನೇ ಕ್ಲಾಸಿಗೇ ಯಾಕೆ ಎಂದರೆ, ಹಳ್ಳಿಗಳಲ್ಲಿ ಶಾಲೆ ಏಳಕ್ಕೆ ಮುಗಿಯುತ್ತದೆ. ಹೈಸ್ಕೂಲು ಹೋಬಳಿಯಲ್ಲಿರುತ್ತದೆ. ಆ ನಾಲ್ಕೈದು ಕಿಲೋಮೀಟರು ದೂರದಲ್ಲೇ ಎಷ್ಟೋ ಹೆಣ್ಣುಮಕ್ಕಳ ಓದು ಮಂಡಿ ಊರಿದ್ದು. ಅದೇ 2006ರಲ್ಲಿ ಬಿಹಾರವೂ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಹೊರಟಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿ ಲೆಕ್ಕ ಹಾಕಿದರು. ಹೈಸ್ಕೂಲು ಸೇರುವ ಹುಡುಗಿಯರ ಸಂಖ್ಯೆ ಶೇ. 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಎರಡು ಚಕ್ರ, ಒಂದು ಚೈನು ಮಾಡಿದ ಕೆಲಸ ಇದು.

ನಮ್ಮಲ್ಲಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯ ಕಟ್ಟುವಾಗ ನಾವು ತುಮಕೂರು ಜಿಲ್ಲೆಯವರು, ಪರೀಕ್ಷೆ ಬರೆಯುವಾಗ ಮಧುಗಿರಿ ಜಿಲ್ಲೆಯವರು. ಆ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕಿನ ಯಾವ ಹೈಸ್ಕೂಲಿನ ಮುಂದೆ ನಿಂತರೂ ಸಂಜೆ ನಾಲ್ಕೂವರೆಗೆ ಸೈಕಲ್ಲಿನ ಹೊಳೆ ಹರಿಯುವುದನ್ನು ನೋಡಬಹುದಿತ್ತು. ಲಂಗದ ಅಂಚು ಚೈನಿಗೆ ಸಿಗದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಹಿಂದೆ ಗೆಳತಿಯನ್ನು ಕೂರಿಸಿಕೊಂಡು, ಎದುರು ಗಾಳಿಗೆ ಜಡೆ ಹಾರಿಸಿಕೊಂಡು ಬರುತ್ತಿದ್ದವರ ಎದುರು ನಮ್ಮ ಊರಿನ ಬುಲೆಟ್ಟುಗಳೂ ಸಪ್ಪೆ ಕಾಣುತ್ತಿದ್ದವು. ರಾಜ್ಯದಾದ್ಯಂತ ವರ್ಷಕ್ಕೆ ಸುಮಾರು 5 ಲಕ್ಷ ಸೈಕಲ್ಲು. ಗುಣಮಟ್ಟದ ಬಗ್ಗೆ ದೂರುಗಳು ಬರುತ್ತಲೇ ಇದ್ದವು. ಬೆಂಡು ತೆಗೆಸಲು, ಬಾಲ್ಸು ಹಾಕಿಸಲು ನಮ್ಮ ಪಂಕ್ಚರ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. ಅಂಗಡಿಯವರ ಪಾಲಿಗೆ ಅದೇ ಸುವರ್ಣಯುಗ.

ಸೈಕಲ್ ಕೊಟ್ಟದ್ದು ಶಿಕ್ಷಣ ಇಲಾಖೆ. ರಸ್ತೆ ಇದ್ದದ್ದು ಲೋಕೋಪಯೋಗಿ ಇಲಾಖೆಯ ಕೈಯಲ್ಲಿ. ಸೈಕಲ್ ಹಂಚಿದ ಹದಿನಾಲ್ಕು ವರ್ಷಗಳಲ್ಲಿ ಈ ಎರಡು ಇಲಾಖೆಗಳು ಒಂದು ಸಲವಾದರೂ ಎದುರಾಗಿ, "ನೀವು ಕೊಟ್ಟಿದ್ದೀರಲ್ಲ, ಅದನ್ನು ಎಲ್ಲಿ ಓಡಿಸಬೇಕು?" ಎಂದು ಕೇಳಿಕೊಂಡ ಹಾಗೆ ಕಾಣಲಿಲ್ಲ. ಮೀನು ಹಂಚುವವರು ಒಬ್ಬರು, ಕೆರೆ ನೋಡಿಕೊಳ್ಳುವವರು ಇನ್ನೊಬ್ಬರು. ಸೈಕಲ್ ಪಥ ಹೇಗಿರಬೇಕು, ಎಷ್ಟು ಅಗಲವಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಪುಸ್ತಕ ಮಾಡಿಟ್ಟಿದೆ. ಪುಸ್ತಕಕ್ಕೆ ಅರವತ್ತು ದಾಟಿದೆ. ಸರ್ಕಾರಿ ನೌಕರನಾಗಿದ್ದರೆ ಇಷ್ಟು ಹೊತ್ತಿಗೆ ಪಿಂಚಣಿ ಎಣಿಸುತ್ತಿತ್ತು.

2020ರಲ್ಲಿ ಕೋವಿಡ್ ಬಂತು. ಶಾಲೆ ಮುಚ್ಚಿದವು, ಸೈಕಲ್ಲು ನಿಂತಿತು. ಅದು ಸರಿಯೇ. ಆಮೇಲೆ ಶಾಲೆ ತೆರೆದವು. ಮಾಲು ತೆರೆಯಿತು, ಥಿಯೇಟರು ತೆರೆಯಿತು, ಮದುವೆ ಛತ್ರ ತೆರೆಯಿತು. ಆ ವರ್ಷ ನಿಂತ ಸೈಕಲ್ಲು ಮಾತ್ರ ಮರುವರ್ಷವೂ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. ಸರ್ಕಾರಗಳು ಬದಲಾದರೂ ಈ ಒಂದು ವಿಷಯದಲ್ಲಿ ಪಕ್ಷಭೇದ ಕಾಣಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಒಳ್ಳೆಯ ಕೆಲಸ, ಬಸ್ಸು ಬರುವ ಊರಿನವರಿಗೆ. ಬಸ್ಸು ಬಾರದ ಊರಿನ ಹುಡುಗಿಯ ಟಿಕೆಟ್ಟೂ ಪುಕ್ಕಟೆಯೇ, ಹತ್ತಲು ಬಸ್ಸಿಲ್ಲ ಅಷ್ಟೆ. ರೈಲಿಗೆ ಕಾಯೋಣವೆಂದರೆ ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗುವ ಮಾರ್ಗ ಮಂಜೂರಾದದ್ದು 2007-08ರಲ್ಲಿ. ಆ ಹೊತ್ತಿಗೆ ಸೈಕಲ್ ಪಡೆದ ಹುಡುಗಿಯ ಮಗಳು ಈಗ ಪ್ರೈಮರಿ ಶಾಲೆಯಲ್ಲಿ ಓದುತ್ತಿರಬೇಕು.

ರಸ್ತೆಯ ಮಾತಿಗೆ ಬರೋಣ. ನಮ್ಮೂರ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆ ಮೊದಲು 234 ಇತ್ತು, ಈಗ 69. ಸಂಖ್ಯೆ ಬದಲಾಯಿಸಿದವರು ಅಂಚು ಬದಲಾಯಿಸಲಿಲ್ಲ. ಟಾರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮಣ್ಣಿಗೆ ಒಂದು ಇಳಿತವಿದೆ. ಪ್ರತಿ ಸಲ ಟಾರು ಹಾಕಿದಾಗಲೂ ರಸ್ತೆ ಎರಡು ಬೆರಳು ಏರುತ್ತದೆ, ಮಣ್ಣು ಅಲ್ಲೇ ಉಳಿಯುತ್ತದೆ. ಕಾರಿನಲ್ಲಿ ಕೂತವರಿಗೆ ಇದು ಕಾಣುವುದಿಲ್ಲ. ಸೈಕಲ್ಲಿನವನಿಗೆ ಆ ಒಂದು ಗೇಣೇ ಬದುಕು. ಹಿಂದಿನಿಂದ ಲಾರಿಯ ಹಾರನ್ ಕೇಳಿದಾಗ ಅವನು ಕೆಳಗಿಳಿಯಬೇಕು. ಓರೆಯಾಗಿ ಇಳಿದರೆ ಚಕ್ರ ಜಾರುತ್ತದೆ, ನೇರ ಇಳಿದರೆ ಜಾಲಿಪೊದೆ. ಇನ್ನು ಮತ್ತೆ ಮೇಲೆ ಹತ್ತುವುದು ಬೇರೆಯದೇ ವಿದ್ಯೆ, ಅದನ್ನು ಯಾವ ಶೈಕ್ಷಣಿಕ ಜಿಲ್ಲೆಯೂ ಕಲಿಸುವುದಿಲ್ಲ. ಅಪ್ಪ ಮಗಳಿಗೆ ಕಲಿಸಬೇಕು.

ಆ ಅಂಚಾದರೂ ಪೂರ್ತಿ ಸೈಕಲ್ಲಿನದೇ ಎಂದುಕೊಳ್ಳಬೇಡಿ. ಸುಗ್ಗಿಯಲ್ಲಿ ಅದು ಹುರುಳಿಯದು. ನುಣ್ಣಗಿರುವ ಟಾರಿಗಿಂತ ಒಳ್ಳೆಯ ಕಣ ಎಲ್ಲಿದೆ? ಹುರುಳಿ, ರಾಗಿ ಹರಡಿ, ಅದರ ಸುತ್ತ ಕಲ್ಲು ಜೋಡಿಸಿ, ಒಕ್ಕಣೆಯ ಕೂಲಿಯನ್ನು ಬರುವ ಹೋಗುವ ಗಾಡಿಗಳ ಮೇಲೆ ಹಾಕುವ ಜಾಣತನ ನಮ್ಮದು. ಸುಗ್ಗಿ ಮುಗಿದ ಮೇಲೆ ಅದು ಜೆಲ್ಲಿ ರಾಶಿಯದು, ಕಟ್ಟುವ ಮನೆಯ ಮರಳಿನದು, ಟ್ರ್ಯಾಕ್ಟರ್ ಟ್ರೇಲರಿನದು, ಸಂಜೆಯಾದರೆ ಗೋಬಿ ಮಂಚೂರಿ ಗಾಡಿಯದು. ಇವರೆಲ್ಲ ಬಳಸಿ ಉಳಿದದ್ದು ಸೈಕಲ್ಲಿನದು. ಮೇಲೆ ನೆರಳಿಗೆ ಹುಣಸೆ ಮರವಿತ್ತು. ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ಅದೇ. ಪಾವಗಡದವರು ಬಿಸಿಲಿಗೆ 13,000 ಎಕರೆಯ ಪಾರ್ಕು ಮಾಡಿ 2,050 ಮೆಗಾವಾಟ್ ಕರೆಂಟು ತೆಗೆದರು. ಏಪ್ರಿಲ್ ತಿಂಗಳ ಮಧ್ಯಾಹ್ನ ಸೈಕಲ್ ಹೊಡೆಯುವ ಹುಡುಗನ ನೆತ್ತಿಯ ಮೇಲೂ ಒಂದು ಫಲಕ ಇಟ್ಟಿದ್ದರೆ ಇನ್ನೊಂದಿಷ್ಟು ಯುನಿಟ್ಟು ಸಿಗುತ್ತಿತ್ತು.

ಇದೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದು 798 ಎಕರೆ ಇದೆ. ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶವೆಂದು 2007ರಲ್ಲಿ ಘೋಷಿಸಿದರು. ನನಗೆ ಕೃಷ್ಣಮೃಗದ ಮೇಲೆ ಹೊಟ್ಟೆಕಿಚ್ಚಿಲ್ಲ. ಅದು ಚೆಂದದ ಪ್ರಾಣಿ, ಗಂಟೆಗೆ ಎಂಬತ್ತು ಕಿಲೋಮೀಟರ್ ಓಡುತ್ತದೆ, ಯಾರಿಗೂ ಹಾರನ್ ಹೊಡೆಯುವುದಿಲ್ಲ. ನನ್ನ ವಾದ ಇಷ್ಟೇ. ಬೆಳಿಗ್ಗೆ ಮತ್ತು ಸಂಜೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ, ವಾಹನದ ಸದ್ದಿಗೆ ಬೆದರಿ ದಾರಿ ಬಿಟ್ಟು ಹಾರುತ್ತದೆ, ಈ ಲಕ್ಷಣಗಳೆಲ್ಲ ನಮ್ಮ ಹೆದ್ದಾರಿಯ ಸೈಕಲ್ ಸವಾರನಿಗೂ ಹೊಂದುತ್ತವೆ. ಅರಣ್ಯ ಇಲಾಖೆಯವರು ಒಮ್ಮೆ ಬಂದು ಗಣತಿ ಮಾಡಿದರೆ ಒಳ್ಳೆಯದು.

ಹಾಗೆಂದು ಸೈಕಲ್ಲನ್ನು ಯಾರೂ ಮರೆತಿಲ್ಲ. ಜಾಥಾಕ್ಕೆ ಅದಿಲ್ಲದೆ ಆಗುವುದಿಲ್ಲ. ಮತದಾನದ ಜಾಗೃತಿಗೆ ಸೈಕಲ್ ಜಾಥಾ, ಪ್ಲಾಸ್ಟಿಕ್ ಬೇಡ ಎನ್ನಲು ಸೈಕಲ್ ಜಾಥಾ, ಕ್ಷಯರೋಗಕ್ಕೆ ಸೈಕಲ್ ಜಾಥಾ, ನೀರು ಉಳಿಸಲು, ಮಾದಕ ವಸ್ತು ಬಿಡಿಸಲು, ರಸ್ತೆ ಸುರಕ್ಷತೆಗೂ ಸೈಕಲ್ ಜಾಥಾ. ಸೈಕಲ್ಲಿಗೆ ದಾರಿ ಬೇಕೆಂದು ಮಾತ್ರ ಇದುವರೆಗೆ ಯಾರೂ ಸೈಕಲ್ ಜಾಥಾ ಮಾಡಿದ್ದು ನಾನು ಕಂಡಿಲ್ಲ. ಯಾವ ತಾಲ್ಲೂಕು ಕೇಂದ್ರದಲ್ಲಾದರೂ ನೋಡಿ, ಕ್ರಮ ಒಂದೇ. ಹಿಂದಿನ ದಿನ ಶಾಲೆ ಮಕ್ಕಳಿಗೆ ಸೈಕಲ್ ತರಲು ಹೇಳಿರುತ್ತಾರೆ. ಬೆಳಿಗ್ಗೆ ಸಾಹೇಬರುಗಳು ಜೀಪಿನಲ್ಲಿ ಬರುತ್ತಾರೆ. ಒಬ್ಬ ಹುಡುಗನ ಸೈಕಲ್ಲು ಸಾಹೇಬರ ಕೈಗೆ ಹೋಗುತ್ತದೆ. ಸೀಟು ತಗ್ಗು, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ, ಆದರೂ ನಗುತ್ತಾರೆ. ಹಿಂದೆ ಜೀಪುಗಳು ಫಸ್ಟ್ ಗೇರಿನಲ್ಲಿ ಹೊಗೆ ಬಿಡುತ್ತಾ ಬರುತ್ತವೆ. ಮುಂದಿನ ಸರ್ಕಲ್ಲಿನವರೆಗೆ ಪೊಲೀಸರು ಲಾರಿ, ಬಸ್ಸು, ಆಟೋ ಎಲ್ಲ ನಿಲ್ಲಿಸಿ ದಾರಿ ಮಾಡಿಕೊಡುತ್ತಾರೆ. ನಾಡಿನಲ್ಲಿ ಸೈಕಲ್ ಪಥ ಎಂಬುದು ನಿಜಕ್ಕೂ ಇರುವುದು ಆಗ, ಅಷ್ಟು ದೂರ, ಅಷ್ಟು ಹೊತ್ತು. ಆಮೇಲೆ ಸೈಕಲ್ ಕೊಟ್ಟ ಹುಡುಗ ಅದನ್ನು ಹುಡುಕಿಕೊಂಡು ನಡೆದು ಬರುತ್ತಾನೆ.

ಜೂನ್ 3 ವಿಶ್ವ ಬೈಸಿಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಗೊತ್ತು ಮಾಡಿದ್ದು. 2020ರ ಜೂನ್ 3ರಂದು, ಅದೇ ದಿನವೇ, ಅಟ್ಲಾಸ್ ಸೈಕಲ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಇಂಥದನ್ನು ವ್ಯಂಗ್ಯ ಬರೆಯುವವರು ಕಲ್ಪಿಸಿ ಬರೆದಿದ್ದರೆ ಸಂಪಾದಕರು ಅತಿಯಾಯಿತೆಂದು ಹೊಡೆದುಹಾಕುತ್ತಿದ್ದರು. ನಂತರ 2024ರ ಡಿಸೆಂಬರಿನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಭಾನುವಾರಗಳಂದು ಸೈಕಲ್ ತುಳಿಯಿರಿ ಎಂದು ದೇಶಕ್ಕೆ ಕರೆ ಕೊಟ್ಟಿತು. ಸೋಮವಾರದಿಂದ ಶನಿವಾರದವರೆಗೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗಾರೆ ಕರಣೆ ಕಟ್ಟಿಕೊಂಡು ತುಳಿಯುವವರು ಇದನ್ನು ಕೇಳಿ, ಇರುವ ಒಂದು ದಿನದ ರಜೆಯನ್ನೂ ಕಿತ್ತುಕೊಂಡರಲ್ಲ ಎಂದುಕೊಂಡರು.

ಇನ್ನು ಗಡಿಯಾಚೆಗೆ ಸೈಕಲ್ಲಿಗೆ ಇರುವ ಭಾಗ್ಯವೇ ಬೇರೆ. ಅದು ತೆಲುಗುದೇಶಂ ಪಕ್ಷದ ಗುರುತು. ಮಧುಗಿರಿ ತಾಲ್ಲೂಕಿನ ಗಡಿ ದಾಟಿದರೆ ಹಿಂದೂಪುರ, ಅಲ್ಲಿ 1983ರಿಂದ ಸೈಕಲ್ಲು ಸೋತೇ ಇಲ್ಲ. ಎನ್‌ಟಿಆರ್ ಗೆದ್ದದ್ದು ಅಲ್ಲೇ, ಈಗ ಅವರ ಮಗ ಬಾಲಕೃಷ್ಣ ಗೆಲ್ಲುತ್ತಿರುವುದೂ ಅಲ್ಲೇ. ಅಷ್ಟು ವರ್ಷ ಸೈಕಲ್ಲಿಗೆ ಮತ ಹಾಕಿದ ಊರಿನಲ್ಲಾದರೂ ಸೈಕಲ್ಲಿಗೆ ದಾರಿ ಇರಬಹುದೆಂದು ನೋಡಲು ಹೋಗಿದ್ದೆ. ಸೈಕಲ್ಲು ಗೋಡೆಗಳ ಮೇಲೆ ಧಾರಾಳವಾಗಿತ್ತು.

ಬೆಂಗಳೂರಿನ ಕತೆ ಕೇಳಿದರೆ ನಮ್ಮದೇ ವಾಸಿ ಅನ್ನಿಸುತ್ತದೆ. ಅಲ್ಲಿ ದಾರಿ ಬೇಕೆಂದು ಕೇಳುವವರಿದ್ದಾರೆ, ವರ್ಷಗಟ್ಟಲೆ ಪಟ್ಟುಹಿಡಿದು ಕೇಳಿದ್ದಾರೆ, ಅವರ ಬಗ್ಗೆ ನನಗೆ ಗೌರವವೇ ಇದೆ. ಜಯನಗರದಲ್ಲಿ 2012ರಲ್ಲಿ ಸೈಕಲ್ ಪಥ ಮಾಡಿದರು. ಅದರ ಮೇಲೆ ಕಾರು ನಿಲ್ಲಿಸಲು ತುಂಬ ಅನುಕೂಲವಾಯಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ, 17 ಕಿಲೋಮೀಟರ್ ಸೈಕಲ್ ಪಥಕ್ಕೆ ಯೋಜನೆ ಹಾಕಿ ಬಣ್ಣ ಬಳಿದು, ಅಡ್ಡಗಂಬ ನೆಟ್ಟರು. ಅಡ್ಡಗಂಬಗಳು ಒಂದೊಂದಾಗಿ ಮಲಗಿದವು. ಬೈಕಿನವರು ಆ ಪಥವನ್ನು ಮನಸಾರೆ ಮೆಚ್ಚಿದರು. ಮುಂದೆ ಮೆಟ್ರೋ ಕೆಲಸ ಬಂದು ಪಥದ ಮಾತೇ ಮುಗಿಯಿತು. ಅಷ್ಟರಲ್ಲಿ 2021ರಲ್ಲಿ ಕೇಂದ್ರ ಸರ್ಕಾರದ ಸೈಕಲ್ ಸವಾಲಿನಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಒಂದಾಗಿತ್ತು. ಪರೀಕ್ಷೆ ಪಾಸಾಯಿತು, ಪುಸ್ತಕ ರದ್ದಿಗೆ ಹೋಯಿತು.

ಬೆಂಗಳೂರಿಗೆ ಒಬ್ಬ ಸೈಕಲ್ ಮೇಯರ್ ಬಂದರು, ಸತ್ಯ ಶಂಕರನ್. ಆಮ್‌ಸ್ಟರ್‌ಡ್ಯಾಮಿನ ಸಂಸ್ಥೆಯೊಂದು ಲೋಕದ ಊರೂರಿಗೆ ಕೊಟ್ಟ ಪದವಿ ಅದು. 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿದು, ಚುನಾವಣೆ ನಡೆಯದೆ, ವರ್ಷಗಟ್ಟಲೆ ಆ ಮಹಾನಗರದಲ್ಲಿ ಇದ್ದ ಮೇಯರ್ ಅವರೊಬ್ಬರೇ. ನಡೆಯುವವರಿಗೆ, ಸೈಕಲ್ಲಿನವರಿಗೆ ಹಕ್ಕು ಕೊಡುವ ಮಸೂದೆಯೊಂದರ ಕರಡನ್ನೂ ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಮಾಡಿತ್ತು. ಇಲಾಖೆಯ ಹೆಸರಿನಲ್ಲೇ ನಗರ ಇದೆ, ಆದ್ದರಿಂದ ನಾವು ಆಸೆಪಡಲು ಹೋಗಲಿಲ್ಲ. ಮೈಸೂರಿನವರು ಮಾತ್ರ 2017ರ ಜೂನ್‌ನಲ್ಲಿ 450 ಸೈಕಲ್ಲುಗಳನ್ನು ಬಾಡಿಗೆಗಿಟ್ಟು ಟ್ರಿನ್ ಟ್ರಿನ್ ಎಂದು ಹೆಸರಿಟ್ಟರು. ನಮ್ಮೂರಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ಮುಚ್ಚಿ ಎಷ್ಟೋ ವರ್ಷದ ಮೇಲೆ ಅದು ಹೊಸ ಆವಿಷ್ಕಾರವಾಗಿ ಬಂದದ್ದು ಸಂತೋಷ.

ಇಷ್ಟೆಲ್ಲ ಹೇಳಿದ ಮೇಲೆ, ನಾಳೆ ಬಡವನಹಳ್ಳಿಗೇ ಒಂದು ಸೈಕಲ್ ಪಥ ಮಂಜೂರಾಯಿತು ಎಂದಿಟ್ಟುಕೊಳ್ಳಿ. ಮೊದಲು ಗುದ್ದಲಿ ಪೂಜೆ, ಅದಕ್ಕೆ ಬರುವವರ ಕಾರು ನಿಲ್ಲಿಸಲು ಜಾಗ ಬೇಕಾಗಿ ಪಥದ ಜಾಗವನ್ನೇ ಸಮ ಮಾಡುತ್ತಾರೆ. ಆಮೇಲೆ ಯಾರ ಹೆಸರಿಡಬೇಕೆಂದು ಎರಡು ಬಣವಾಗುತ್ತದೆ. ಹಸಿರು ಬಣ್ಣ ಬಳಿಯುತ್ತಾರೆ. ಪಥದ ನಟ್ಟನಡುವೆ ಇರುವ ಬೆಸ್ಕಾಂ ಕಂಬಕ್ಕೂ ಅದೇ ಬಣ್ಣ. ಬಣ್ಣ ಒಣಗುವ ಮೊದಲೇ ಯಾರೋ ಹುರುಳಿ ತಂದು ಹರಡಿ, "ಕೊನೆಗೂ ರೈತರಿಗೆ ಅಂತ ಒಂದು ಒಳ್ಳೆ ಕೆಲ್ಸ ಮಾಡ್ಯವ್ರೆ," ಎನ್ನುತ್ತಾರೆ. ಹುರುಳಿ ಎತ್ತಿದ ವಾರಕ್ಕೆ ನೀರಿನ ಪೈಪಿಗೆ ಅಗೆಯುತ್ತಾರೆ. ಅಗೆದ ಮಣ್ಣು ಅಲ್ಲೇ ಏರಿಯಾಗಿ ನಿಲ್ಲುತ್ತದೆ. ಉದ್ಘಾಟನೆಯ ಫ್ಲೆಕ್ಸು ಆ ಏರಿಯ ಮೇಲೆ. ಸೈಕಲ್ಲಿನವರು ಎಂದಿನಂತೆ ಲಾರಿಯ ಪಕ್ಕದಲ್ಲಿ. "ಅಷ್ಟು ದುಡ್ಡು ಸುರಿದು ಪಥ ಮಾಡಿಕೊಟ್ಟರೂ ಜನ ಬಳಸುವುದಿಲ್ಲ ನೋಡಿ," ಎಂದು ಸಾಹೇಬರು ಬೇಸರಪಡುತ್ತಾರೆ. ನಾವೂ ತಲೆದೂಗುತ್ತೇವೆ, ನಮ್ಮ ಸ್ಕೂಟರ್ ಅದೇ ಪಥದ ಮೇಲೆ ನಿಂತಿರುತ್ತದೆ.

ಹಾಲೆಂಡಿನ ಉದಾಹರಣೆ ಕೊಡದೆ ಸೈಕಲ್ ಲೇಖನ ಮುಗಿಸಬಾರದೆಂಬ ಕಾನೂನಿದೆಯಂತೆ. ಅವರದು ಹುಟ್ಟಿನಿಂದ ಸೈಕಲ್ ದೇಶ ಎಂದುಕೊಂಡಿದ್ದೇವೆ, ಅಲ್ಲ. 1971ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 3,300 ಮಂದಿ. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಂದಿರು, ತಂದೆಯರು ರಸ್ತೆಗಿಳಿದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬುದೇ ಆ ಚಳವಳಿಯ ಹೆಸರು. ಅಪಘಾತ ಎನ್ನಲಿಲ್ಲ, ವಿಧಿ ಎನ್ನಲಿಲ್ಲ, ಕೊಲೆ ಎಂದರು. ಆಮೇಲೆ ಪಥಗಳು ಬಂದವು. 2024ರ ಜುಲೈನಲ್ಲಿ ಅವರ ಪ್ರಧಾನಿ ಮಾರ್ಕ್ ರುಟ್ಟೆ ಅಧಿಕಾರ ಬಿಟ್ಟುಕೊಟ್ಟ ದಿನ ಸೈಕಲ್ ಹತ್ತಿ ಮನೆಗೆ ಹೋದರು. ನಮ್ಮಲ್ಲಿ ಪಂಚಾಯ್ತಿ ಸದಸ್ಯರಾದ ದಿನವೇ ಬೊಲೆರೋ ಬುಕ್ ಆಗುತ್ತದೆ. ಇಲ್ಲಿ ರಸ್ತೆಯಲ್ಲಿ ಮಗು ಸತ್ತರೆ ಒಂದು ಹಂಪು ಹಾಕುತ್ತೇವೆ. ಎಲ್ಲ ಊರಿನ ಮುಂದೆಯೂ ಹಂಪುಗಳಿವೆ, ಎಣಿಸಿಕೊಳ್ಳಿ.

ನಮಗೆ ಹಾಲೆಂಡ್ ಬೇಡ. ಹಸಿರು ಬಣ್ಣವೂ ಬೇಡ. ಮುಂದಿನ ಸಲ ಟಾರು ಹಾಕುವಾಗ ಹೈಸ್ಕೂಲಿನಿಂದ ಹಳ್ಳಿಗಳು ಕವಲೊಡೆಯುವ ಕ್ರಾಸಿನವರೆಗೆ ಅಂಚಿಗೆ ಗ್ರಾವೆಲ್ ತುಂಬಿ, ರೋಲರ್ ಹೊಡೆದು, ಟಾರಿನ ಮಟ್ಟಕ್ಕೆ ಸಮ ಮಾಡಿದರೆ ಸಾಕು. ಎರಡಡಿ. ಇದಕ್ಕೆ ಡಿಪಿಆರ್ ಬೇಡ, ಕನ್ಸಲ್ಟೆಂಟ್ ಬೇಡ, ಉದ್ಘಾಟನೆಗೂ ಏನೂ ಉಳಿಯುವುದಿಲ್ಲ. ಆಗದಿರುವುದಕ್ಕೆ ಅದೇ ಕಾರಣವಿರಬೇಕು. ಎಂಟನೇ ಕ್ಲಾಸಿಗೆ ಸೈಕಲ್ಲನ್ನು ಮತ್ತೆ ಕೊಡಿ ಎಂದೂ ಕೇಳುತ್ತೇನೆ, ಆದರೆ ಮೊದಲು ಅಂಚು. ಈ ಸಲ ಮೀನಿಗಿಂತ ಕೆರೆ ಮೊದಲು.

ನಾವು ಕೇಳಿದರೆ ಎಂಜಿನಿಯರ್ ಸಾಹೇಬರು ಬರುವುದಿಲ್ಲ ಎಂಬುದು ಗೊತ್ತಿದೆ. ಅದಕ್ಕೇ ಬೆಂಗಳೂರಿನ ಸೈಕಲ್ ಬಂಧುಗಳಲ್ಲಿ ಒಂದು ವಿನಂತಿ. ನೀವು ಭಾನುವಾರ ಬರಬೇಡಿ, ಒಂದು ಶನಿವಾರ ಬನ್ನಿ. ಬೆಳಗಿನ ತರಗತಿ ಬಿಡುವ ಹನ್ನೊಂದೂವರೆಯ ಹೊತ್ತಿಗೆ ಹೈಸ್ಕೂಲಿನ ಹತ್ತಿರ ಇರಿ. ಹಳೇ ಸೈಕಲ್ಲು ಇನ್ನೂ ಉಳಿಸಿಕೊಂಡಿರುವ ನಾಲ್ಕಾರು ಮಕ್ಕಳ ಜೊತೆ ಅವರವರ ಹಳ್ಳಿಯವರೆಗೆ ಹೋಗಿ. ಲಾರಿ ಹಾರನ್ ಹೊಡೆದಾಗ ಅವರ ಹಾಗೆಯೇ ಕೆಳಗಿಳಿಯಿರಿ, ಹೆಲ್ಮೆಟ್ಟಿನ ಮೇಲಿನ ಕ್ಯಾಮೆರಾ ಚಾಲೂ ಇರಲಿ. ನೀವು ಬಿದ್ದರೆ ಸುದ್ದಿಯಾಗುತ್ತದೆ. ಊಟ ನಮ್ಮ ಮನೆಯಲ್ಲಿ, ಮುದ್ದೆ, ಹುರುಳಿ ಸಾರು. ವಾಲ್ವಿನ ಅಡಾಪ್ಟರ್ ಮಾತ್ರ ನೀವೇ ತನ್ನಿ, ಇಲ್ಲಿ ಸಿಗುವುದಿಲ್ಲ.